ಇನ್ನೊಬ್ಬರ ಅನ್ನದ ಲೆಕ್ಕ: ಹೊಸದಾಗಿ ಎಚ್.ಆರ್. ಮ್ಯಾನೇಜರ್ ಆದವರಿಗೆ

ಕಳೆದ ತಿಂಗಳ ಎರಡು ಜುಮಾ ಖುತ್ಬಾಗಳಲ್ಲಿ ನಾವು ಅಮಾನತಿನ ಬಗ್ಗೆ ಮಾತಾಡಿದ್ದೆವು. ಅದಕ್ಕೆ ಕಾರಣನಾದವನು ನಮ್ಮ ಜಮಾಅತಿನ ಒಬ್ಬ ಯುವಕ. ಹೆಸರು ಬೇಡ. ಎಂ.ಬಿ.ಎ. ಮುಗಿಸಿ ಎರಡು ಕಡೆ ಸಣ್ಣ ಹುದ್ದೆಯಲ್ಲಿದ್ದು, ಈಗ ಬೆಂಗಳೂರಿನ ಹೊರವಲಯದ ಒಂದು ಕಾರ್ಖಾನೆಗೆ ಎಚ್.ಆರ್. ಮ್ಯಾನೇಜರ್ ಆಗಿ ಸೇರಿದ್ದಾನೆ. ಕೆಲಸ ಸಿಕ್ಕಿದ ದಿನ ಅವನ ತಾಯಿ ಮಸೀದಿಗೆ ಒಂದು ಡಬ್ಬಿ ಹಲ್ವಾ ಕಳಿಸಿದ್ದರು. ಹದಿನೈದು ದಿನ ಕಳೆದು ರಜೆ ಹಾಕಿ ಊರಿಗೆ ಬಂದವನು, ಜುಮಾ ಮುಗಿದು ಎಲ್ಲರೂ ಮನೆಗೆ ಹೋದ ಮೇಲೂ ಸಫ್‌ನಲ್ಲಿ ಕೂತೇ ಇದ್ದ.

"ಮೌಲಾನಾ, ನನ್ನ ಸಂಬಳ ಹಲಾಲಾ?" ಎಂದು ಕೇಳಿದ.

ಸಂಗತಿ ಇಷ್ಟು. ಸೇರಿದ ಮೊದಲ ವಾರದಲ್ಲೇ ಮಾಲಕರು ಅವನ ಕೈಗೆ ಹದಿನಾಲ್ಕು ಹೆಸರುಗಳ ಒಂದು ಪಟ್ಟಿ ಕೊಟ್ಟಿದ್ದರು. ಆರ್ಡರ್ ಕಡಿಮೆಯಾಗಿದೆ, ಇವರನ್ನು ಕಳಿಸಬೇಕು, ಆದರೆ ನಾವು ತೆಗೆದದ್ದು ಎಂದು ಆಗಬಾರದು. ಒಬ್ಬೊಬ್ಬರನ್ನೇ ಒಳಗೆ ಕರೆದು ಸ್ವಂತ ಇಚ್ಛೆಯಿಂದ ಬಿಡುತ್ತಿದ್ದೇನೆ ಎಂದು ರಾಜೀನಾಮೆ ಬರೆಸಿಕೊ. ನೀನು ಹೊಸಬ, ಯಾರ ಪರಿಚಯವೂ ಇಲ್ಲ, ನಿನಗೆ ಸುಲಭ. ಇದು ಮಾಲಕರ ಮಾತು. ಅವನು ಮೂವರಿಂದ ಬರೆಸಿಕೊಂಡಿದ್ದ. ನಾಲ್ಕನೆಯವಳು ಆರು ವರ್ಷದಿಂದ ಅಲ್ಲೇ ದುಡಿಯುತ್ತಿದ್ದ ಹೆಂಗಸು. ಪೆನ್ನು ಕೈಗೆ ತೆಗೆದುಕೊಂಡು, "ಸರ್, ಇದರಲ್ಲಿ ಏನು ಬರೆದಿದೆ ಓದಿ ಹೇಳಿ" ಎಂದಳಂತೆ. ಇವನಿಗೆ ಓದಲು ಆಗಲಿಲ್ಲ. ನಾಳೆ ನೋಡೋಣ ಎಂದು ಕಳಿಸಿ, ಮರುದಿನವೇ ಊರಿನ ಬಸ್ಸು ಹತ್ತಿದ್ದ.

ಆ ದಿನ ನಾವು ಉತ್ತರ ಕೊಡಲಿಲ್ಲ. ಒಂದು ವಾರ ಸಮಯ ಕೇಳಿದೆವು. ಮದ್ರಸದಲ್ಲಿ ಫಿಕ್‌ಹ್ ಓದುವಾಗ ಇಜಾರಾ ಎಂಬ ಅಧ್ಯಾಯ ಬರುತ್ತದೆ, ಬಾಡಿಗೆ ಮತ್ತು ಕೂಲಿಯ ವಿಷಯ. ಆದರೆ ಪಿ.ಎಫ್. ಎಂದರೇನು, ಗ್ರಾಚ್ಯುಟಿ ಎಂದರೇನು ಎಂದು ಅಲ್ಲಿ ಯಾರೂ ಕಲಿಸಲಿಲ್ಲ. ಬಿ.ಎ.ಯಲ್ಲೂ ಕಲಿಸಲಿಲ್ಲ. ಆದ್ದರಿಂದ ಗಲ್ಫಿನ ಕಂಪೆನಿಯೊಂದರ ಸಿಬ್ಬಂದಿ ವಿಭಾಗದಲ್ಲಿ ಬಹಳ ವರ್ಷ ಇದ್ದು ನಿವೃತ್ತರಾದ ನಮ್ಮ ಜಮಾಅತಿನ ಹಿರಿಯರೊಬ್ಬರ ಮನೆಗೆ ಹೋದೆವು. ಹೊನ್ನಾವರದ ವಕೀಲರೊಬ್ಬರನ್ನೂ ಕಂಡೆವು. ಅವರಿಬ್ಬರಿಂದ ಕಲಿತದ್ದನ್ನು, ಖುತ್ಬಾದಲ್ಲಿ ಹೇಳಲು ಸಮಯ ಸಾಲದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಮನೆಗಳಿಂದ ಈಗ ಬಹಳ ಮಕ್ಕಳು ಈ ಕೆಲಸಕ್ಕೆ ಹೋಗುತ್ತಿದ್ದಾರೆ, ಹೆಣ್ಣುಮಕ್ಕಳೂ ಹೋಗುತ್ತಿದ್ದಾರೆ.

ಎಚ್.ಆರ್. ಮ್ಯಾನೇಜರ್ ಎಂದರೆ ಏನು ಮಾಡುವವನು ಎಂದು ಮನೆಯ ಹಿರಿಯರು ಕೇಳುತ್ತಾರೆ. ಕಾಸರಕೋಡ ಟೊಂಕದ ದಡದಲ್ಲಿ ಬೆಳೆದವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ ನಿಷೇಧ ಮುಗಿಯುವ ಮೊದಲೇ ತಾಂಡೇಲನಾದವನು ಜನರನ್ನು ಹೊಂದಿಸಿಕೊಂಡಿರಬೇಕು. ಯಾರಿಗೆ ಬಲೆಯ ಕೆಲಸ ಗೊತ್ತು, ಯಾರು ಇಂಜಿನ್ ನೋಡಿಕೊಳ್ಳಬಲ್ಲ, ಯಾರು ಮುಂಗಡ ತೆಗೆದುಕೊಂಡು ಬೇರೆ ಬೋಟು ಹತ್ತುವವನು ಎಲ್ಲವೂ ಅವನ ತಲೆಯಲ್ಲಿರುತ್ತದೆ. ಬೋಟಿನ ಮಾಲಕ ದಡದಲ್ಲಿ, ಖಲಾಸಿಗಳು ನೀರಿನ ಮೇಲೆ, ತಾಂಡೇಲ ಇಬ್ಬರ ನಡುವೆ. ಪಾಲಿನ ಲೆಕ್ಕದಲ್ಲಿ ಮಾಲಕನ ಕಡೆ ವಾಲಿದರೆ ಮುಂದಿನ ಹಂಗಾಮಿಗೆ ಜನ ಸಿಗುವುದಿಲ್ಲ. ಖಲಾಸಿಗಳ ಕಡೆ ವಾಲಿದರೆ ಬೋಟೇ ಸಿಗುವುದಿಲ್ಲ. ಕಾರ್ಖಾನೆಯಲ್ಲಿ ಆ ಜಾಗದಲ್ಲಿ ಕೂರುವವನೇ ಎಚ್.ಆರ್. ಮ್ಯಾನೇಜರ್.

ಈ ಹೆಸರು ಹೊಸತು, ಕೆಲಸ ಹಳೆಯದು. 1948ರ ಕಾರ್ಖಾನೆ ಕಾನೂನು 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ ಒಬ್ಬ ಕಲ್ಯಾಣಾಧಿಕಾರಿ ಇರಲೇಬೇಕು ಎಂದಿತು. 1960ರಲ್ಲಿ ಆರಂಭವಾದ ಮಂಗಳೂರಿನ ರೋಶನಿ ನಿಲಯದಂಥ ಸಂಸ್ಥೆಗಳಲ್ಲಿ ಸಮಾಜಕಾರ್ಯ ಓದಿದವರು ಇಂಥ ಹುದ್ದೆಗಳಿಗೆ ಹೋಗುತ್ತಿದ್ದರು. ಆಮೇಲೆ ಅದು ಪರ್ಸೊನೆಲ್ ವಿಭಾಗವಾಯಿತು, ಈಗ ಮಾನವ ಸಂಪನ್ಮೂಲ ವಿಭಾಗ. ಮನುಷ್ಯನನ್ನು ಸಂಪನ್ಮೂಲ ಎಂದು ಕರೆಯುವುದು ನಮ್ಮ ಕಿವಿಗೆ ಈಗಲೂ ಒಗ್ಗಿಲ್ಲ. ಮೀನು ಸಂಪನ್ಮೂಲ, ಮರಳು ಸಂಪನ್ಮೂಲ. ಇರಲಿ.

ಹೊಸಬರು ಮೊದಲು ಮಾಡಬೇಕಾದದ್ದು ಏನು ಎಂದು ಹಿರಿಯರನ್ನು ಕೇಳಿದೆವು. ಹೊಸ ನಿಯಮ ತರುವುದು, ಮೀಟಿಂಗ್ ಕರೆಯುವುದು ಎಂದು ನಾವು ಎಣಿಸಿದ್ದೆವು. ಅವರು ನಕ್ಕು, "ಸಂಬಳದ ಪಟ್ಟಿ ಓದಬೇಕು ಮೌಲಾನಾ, ಮೂರು ತಿಂಗಳದ್ದು" ಎಂದರು. ಹಾಜರಿ ಪುಸ್ತಕ ಒಂದು ಕಡೆ, ಸಂಬಳದ ಪಟ್ಟಿ ಇನ್ನೊಂದು ಕಡೆ ಇಟ್ಟುಕೊಂಡು ಹತ್ತು ಹೆಸರು ಆರಿಸಿ ತಾಳೆ ನೋಡಬೇಕಂತೆ. ಬಂದ ದಿನಗಳಿಗೂ ಕೊಟ್ಟ ಹಣಕ್ಕೂ ಹೊಂದುತ್ತದೆಯೇ? ಓವರ್‌ಟೈಮಿಗೆ ಕಾನೂನಿನಂತೆ ಎರಡು ಪಟ್ಟು ಬಿದ್ದಿದೆಯೇ? ಪಿ.ಎಫ್. ಎಂದು ಹಿಡಿದ 12 ಶೇಕಡ ಮುಂದಿನ ತಿಂಗಳ 15ರೊಳಗೆ ಆ ಕಾರ್ಮಿಕನ ಖಾತೆಗೆ ಹೋಗಿದೆಯೇ? 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇ.ಎಸ್.ಐ. ಇದೆ, ಕಾರ್ಮಿಕನಿಂದ 0.75 ಶೇಕಡ, ಮಾಲಕನಿಂದ 3.25 ಶೇಕಡ. ಅದರ ಕಾರ್ಡು ಕೈಗೆ ಸಿಕ್ಕಿದೆಯೇ, ಅಥವಾ ಹಣ ಮಾತ್ರ ಕಡಿತವಾಗುತ್ತಿದೆಯೇ?

ಇಲ್ಲಿ ವಕೀಲರು ಹೇಳಿದ ಒಂದು ಮಾತು ನಮ್ಮನ್ನು ತಡೆದು ನಿಲ್ಲಿಸಿತು. ಕಾರ್ಮಿಕನ ಸಂಬಳದಿಂದ ಪಿ.ಎಫ್. ಹಿಡಿದು ಕಟ್ಟದೇ ಉಳಿಸಿಕೊಳ್ಳುವ ಮಾಲಕನ ಕೃತ್ಯವನ್ನು ನಮ್ಮ ದೇಶದ ದಂಡ ಕಾನೂನು ನಂಬಿಕೆ ದ್ರೋಹ ಎಂದು ಎಣಿಸುತ್ತದೆ. ಅಮಾನತಿನಲ್ಲಿ ಖಿಯಾನತ್ ಎಂದು ನಾವು ಮಿಂಬರಿನಿಂದ ಹೇಳುವುದು ಇದನ್ನೇ. ಆ ಹಣ ಮಾಲಕನದಾಗಿ ಒಂದು ಗಳಿಗೆಯೂ ಇರಲಿಲ್ಲ. ಅವನ ಕೈಯಲ್ಲಿ ಇಟ್ಟದ್ದು ಅಷ್ಟೆ.

ಸಂಬಳದ ಪಟ್ಟಿ ನೋಡದೇ ಹೋದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ನಡೆದ ಘಟನೆ ಇದೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ವಿಸ್ಟ್ರಾನ್ ಕಂಪೆನಿಯ ಕಾರ್ಖಾನೆ, ಐಫೋನ್ ಜೋಡಿಸುವ ಜಾಗ. 2020ರ ಡಿಸೆಂಬರ್ 12ರ ಬೆಳಿಗ್ಗೆ ಅಲ್ಲಿನ ಕಾರ್ಮಿಕರು ರೊಚ್ಚಿಗೆದ್ದು ಗಾಜು ಒಡೆದರು, ವಾಹನ ಮಗುಚಿದರು. ನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ಮೊದಲ ದಿನ ಎಲ್ಲರ ಬಾಯಲ್ಲೂ ದೊಂಬಿಯದೇ ಮಾತು. ಕಾರ್ಖಾನೆಗಳ ಇಲಾಖೆಯವರು ಹೋಗಿ ನೋಡಿದಾಗ ಬೇರೆ ಚಿತ್ರ ಸಿಕ್ಕಿತು. ಸ್ವಲ್ಪ ಕಾಲದಲ್ಲೇ ಕಾರ್ಮಿಕರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು. ಹಲವು ಗುತ್ತಿಗೆ ಏಜೆನ್ಸಿಗಳ ಮೂಲಕ ಜನ ಬಂದಿದ್ದರು. ಪಾಳಿಯನ್ನು 12 ಗಂಟೆಗೆ ಏರಿಸಲಾಗಿತ್ತು, ಹಾಜರಿಯ ಲೆಕ್ಕ ಸರಿಯಿರಲಿಲ್ಲ. 21,000 ಕೊಡುತ್ತೇವೆಂದು ಹೇಳಿ 16,000, ಆಮೇಲೆ 12,000 ಕೊಟ್ಟರು ಎಂದು ಎಂಜಿನಿಯರಿಂಗ್ ಓದಿದ ಹುಡುಗರು ದೂರಿದ್ದು ಆಗಿನ ಪತ್ರಿಕೆಗಳಲ್ಲಿ ಬಂದಿತ್ತು. ಕಾರ್ಮಿಕ ಕಾನೂನು ಚೆನ್ನಾಗಿ ತಿಳಿದವರನ್ನಿಟ್ಟು ಎಚ್.ಆರ್. ವಿಭಾಗವನ್ನು ಸರಿಯಾಗಿ ಕಟ್ಟಿರಲಿಲ್ಲ ಎಂಬುದು ಇಲಾಖೆಯ ವರದಿಯಲ್ಲೇ ಇತ್ತು. ಒಂದು ವಾರದೊಳಗೆ ಕಂಪೆನಿ, ಕೆಲವರಿಗೆ ಸರಿಯಾಗಿ ಮತ್ತು ಸಮಯಕ್ಕೆ ಸಂಬಳ ಸಿಕ್ಕಿರಲಿಲ್ಲ ಎಂದು ಒಪ್ಪಿಕೊಂಡು ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಸರಿಪಡಿಸುವವರೆಗೆ ಹೊಸ ಕೆಲಸ ಕೊಡುವುದಿಲ್ಲ ಎಂದು ಆಪಲ್ ಹೇಳಿತು. ಆ ಕಾರ್ಖಾನೆ ಈಗ ಟಾಟಾದವರ ಕೈಯಲ್ಲಿದೆ.

ಗಾಜು ಒಡೆದದ್ದು ಸರಿ ಎಂದು ನಾವು ಹೇಳುತ್ತಿಲ್ಲ. ಒಡೆದವರ ಮೇಲೆ ಕೇಸು ಬಿತ್ತು, ಮನೆಯವರು ಕೋರ್ಟಿಗೆ ಅಲೆದರು. ಆದರೆ ಅದಕ್ಕೆ ಮೊದಲು ಎಷ್ಟು ಜನ ಎಷ್ಟು ಸಲ ಎಚ್.ಆರ್. ಕಚೇರಿಯ ಬಾಗಿಲಿಗೆ ಬಂದು, ಸರ್ ಈ ತಿಂಗಳು ಕಡಿಮೆ ಬಂದಿದೆ ಎಂದು ಹೇಳಿ ವಾಪಸು ಹೋಗಿರಬಹುದು ಎಂದು ಯೋಚಿಸಿ. ಬೆವರು ಆರುವ ಮೊದಲು ಕೂಲಿ ಕೊಡಿ ಎಂಬ ಪ್ರವಾದಿ(ಸ)ಯವರ ಆದೇಶ ನಮಗೆಲ್ಲ ಬಾಯಿಪಾಠ. ಅದನ್ನು ಗೋಡೆಗೆ ತೂಗುಹಾಕುವವರು ಬಹಳ. ನಮ್ಮ ಮಸೀದಿ, ಮದ್ರಸಗಳ ಕಮಿಟಿಯವರು ಮುನಿಸಿಕೊಳ್ಳದಿದ್ದರೆ ಇನ್ನೊಂದು ಮಾತು: ಮುಅಝ್ಝಿನ್ ಮತ್ತು ಉಸ್ತಾದರ ಸಂಬಳ ಚಂದಾ ಬಂದ ಮೇಲೆ ಎಂದು ಎಷ್ಟು ಊರುಗಳಲ್ಲಿ 20ನೇ ತಾರೀಖಿನವರೆಗೆ ಎಳೆಯುವುದಿಲ್ಲ? ಕಾನೂನಾದರೋ ತಿಂಗಳು ಮುಗಿದು ಏಳು ದಿನದೊಳಗೆ ಎನ್ನುತ್ತದೆ.

ಎರಡನೆಯದು ನೇಮಕಾತಿ. ಕುರ್‌ಆನಿನ ಅಲ್ ಕಸಸ್ ಅಧ್ಯಾಯದಲ್ಲಿ ಮೂಸಾ(ಅ)ರು ಮದ್ಯನ್ ಊರಿಗೆ ಬಂದ ಪ್ರಸಂಗವಿದೆ. ಕೆಲಸಕ್ಕೆ ಇಟ್ಟುಕೊಳ್ಳಲು ಒಳ್ಳೆಯವನು ಬಲವೂ ಪ್ರಾಮಾಣಿಕತೆಯೂ ಇರುವವನು ಎಂದು ಆ ಮನೆಯ ಮಗಳು ತಂದೆಗೆ ಸಲಹೆ ಕೊಡುತ್ತಾಳೆ. ಜನ ಈ ಸೂಕ್ತವನ್ನು ಹೇಳಿ ಅಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನ ಎರಡು ಸೂಕ್ತಗಳನ್ನು ಓದಿ. ತಂದೆ ಅವಧಿ ಹೇಳುತ್ತಾರೆ: ಎಂಟು ವರ್ಷ, ಹತ್ತು ಮಾಡಿದರೆ ಅದು ನಿನ್ನ ಇಷ್ಟ, ನಿನಗೆ ಭಾರ ಹೊರಿಸುವ ಉದ್ದೇಶ ನನ್ನದಲ್ಲ. ಮೂಸಾ(ಅ)ರು ಅದೇ ಷರತ್ತನ್ನು ತಿರುಗಿ ಹೇಳಿ, ಎರಡರಲ್ಲಿ ಯಾವ ಅವಧಿ ಮುಗಿಸಿದರೂ ನನ್ನ ಮೇಲೆ ತಪ್ಪು ಹೊರಿಸುವಂತಿಲ್ಲ ಎಂದು ಅಲ್ಲಾಹನನ್ನು ಸಾಕ್ಷಿ ಮಾಡುತ್ತಾರೆ. ಕೆಲಸ ಶುರುವಾಗುವ ಮೊದಲೇ ಎರಡೂ ಕಡೆಯವರು ಷರತ್ತು ಸ್ಪಷ್ಟ ಮಾಡಿಕೊಂಡದ್ದು ನೋಡಿ. 2025ರ ನವೆಂಬರ್ 21ರಂದು ನಮ್ಮ ದೇಶದಲ್ಲಿ ಹಳೆಯ 29 ಕಾರ್ಮಿಕ ಕಾನೂನುಗಳ ಬದಲು ನಾಲ್ಕು ಸಂಹಿತೆಗಳು ಜಾರಿಗೆ ಬಂದವು. ಪ್ರತಿ ಕೆಲಸಗಾರನಿಗೂ ನೇಮಕಾತಿ ಪತ್ರ ಕೊಡಬೇಕು ಎಂಬುದು ಅದರಲ್ಲಿ ಸೇರಿದೆ. ಹೊಸ ಮ್ಯಾನೇಜರ್ ತನ್ನ ಕಪಾಟು ತೆರೆದು, ಎಷ್ಟು ಜನರ ಫೈಲಿನಲ್ಲಿ ಆ ಪತ್ರ ಇದೆ ಎಂದು ಎಣಿಸಲಿ. ತನ್ನ ಸ್ವಂತ ಪತ್ರವನ್ನೂ ಓದಿಕೊಳ್ಳಲಿ.

ನೇಮಕಾತಿಯ ಇನ್ನೊಂದು ಕಷ್ಟ ಊರಿನಿಂದ ಬರುತ್ತದೆ. ಹುಡುಗ ಎಚ್.ಆರ್. ಮ್ಯಾನೇಜರ್ ಆದ ಎಂದು ತಿಳಿದ ಕೂಡಲೇ ಮಾಮೂ, ಚಾಚಾ, ನೆರೆಮನೆಯವರು ಎಲ್ಲರ ಬಯೋಡೇಟಾಗಳೂ ಅವನ ಮೊಬೈಲಿಗೆ ಬಂದು ಬೀಳುತ್ತವೆ. ನಮ್ಮವನು ಅಲ್ಲಿದ್ದಾನೆ, ನಮ್ಮ ನಾಲ್ಕು ಮಕ್ಕಳಿಗೆ ದಾರಿಯಾಯಿತು ಎಂಬ ಆಸೆ ತಪ್ಪಲ್ಲ. ಕೆಲಸ ಖಾಲಿ ಇದೆ ಎಂಬ ಸುದ್ದಿಯನ್ನು ಊರಿಗೆ ಮುಟ್ಟಿಸಲಿ, ಸಂದರ್ಶನಕ್ಕೆ ಹೇಗೆ ತಯಾರಾಗಬೇಕೆಂದು ಕಲಿಸಲಿ. ಆದರೆ ಬಾಗಿಲು ಎಲ್ಲರಿಗೂ ಒಂದೇ ಅಳತೆಗೆ ತೆರೆಯಬೇಕು. ಸಾಲಿನಲ್ಲಿ ನಿಂತ ಹಿಂದೂ ಹುಡುಗನೋ ಕ್ರೈಸ್ತ ಹುಡುಗಿಯೋ ಹೆಚ್ಚು ಅರ್ಹರಿದ್ದರೆ ಆ ಕೆಲಸ ಅವರದು. ನಮ್ಮ ಹೆಸರು ನೋಡಿಯೇ ಅರ್ಜಿ ಬದಿಗಿಟ್ಟರು ಎಂದು ದುಃಖಪಡುವವರು ನಾವು; ನಮ್ಮ ಕೈಗೆ ಅರ್ಜಿಗಳು ಬಂದಾಗ ಅದನ್ನೇ ಮಾಡುವ ಹಕ್ಕು ನಮಗೆಲ್ಲಿದೆ? ಸಾಕ್ಷಿ ಸ್ವಂತದವರ ವಿರುದ್ಧವಾದರೂ ನ್ಯಾಯದ ಮೇಲೆ ನಿಲ್ಲಬೇಕೆಂದು ಅನ್ನಿಸಾ ಅಧ್ಯಾಯದ 135ನೇ ಸೂಕ್ತ ಹೇಳುತ್ತದೆ.

ಈ ವಿಷಯದಲ್ಲಿ ನಮ್ಮದೇ ಒಂದು ತಪ್ಪು ಇದೆ. ಕೆಲವು ವರ್ಷಗಳ ಹಿಂದೆ, ಕೇಳಿದವರಿಗೆಲ್ಲ ಮಸೀದಿಯ ಲೆಟರ್‌ಹೆಡ್‌ನಲ್ಲಿ ಈತ ಸಜ್ಜನ, ಪ್ರಾಮಾಣಿಕ ಎಂದು ಬರೆದುಕೊಡುತ್ತಿದ್ದೆವು. ಅದರಲ್ಲಿ ಒಬ್ಬನನ್ನು ನಾವು ಸರಿಯಾಗಿ ಬಲ್ಲವರೇ ಅಲ್ಲ; ಅವನ ತಂದೆಯ ಮುಖ ನೋಡಿ ಬರೆದೆವು. ಅವನು ಹತ್ತೇ ದಿನದಲ್ಲಿ ಮುಂಗಡ ತೆಗೆದುಕೊಂಡು ನಾಪತ್ತೆಯಾದ. ಆಮೇಲೆ ನಮ್ಮ ಊರಿನ ನಿಜವಾಗಿ ಒಳ್ಳೆಯ ಹುಡುಗನೊಬ್ಬ ಅದೇ ಕಡೆ ಹೋದಾಗ ಬಾಗಿಲಲ್ಲೇ ವಾಪಸು ಕಳಿಸಿದರಂತೆ. ಶಿಫಾರಸು ಎಂದರೆ ಸಾಕ್ಷಿ ಎಂಬುದು ನಮಗೆ ಕಿತಾಬಿನಲ್ಲಿ ಗೊತ್ತಿತ್ತು. ಈಗ ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯುತ್ತೇವೆ, ಅದಕ್ಕೆ ಕೆಲವರು ಬೇಸರಪಟ್ಟುಕೊಂಡಿದ್ದಾರೆ.

ಉಡುಗೊರೆಯ ಮಾತೂ ಇಲ್ಲೇ ಬರಬೇಕು. ಝಕಾತ್ ವಸೂಲಿಗೆ ನೇಮಕವಾಗಿದ್ದ ಒಬ್ಬರು ಮರಳಿ ಬಂದು, ಇಷ್ಟು ನಿಮ್ಮದು, ಇಷ್ಟು ನನಗೆ ಉಡುಗೊರೆಯಾಗಿ ಬಂದದ್ದು ಎಂದಾಗ ಪ್ರವಾದಿ(ಸ)ಯವರು ಮಿಂಬರ್ ಏರಿ, ಈತ ತಂದೆ ತಾಯಿಯ ಮನೆಯಲ್ಲೇ ಕೂತಿದ್ದರೆ ಈ ಉಡುಗೊರೆ ಹುಡುಕಿಕೊಂಡು ಬರುತ್ತಿತ್ತೇ ಎಂದು ಕೇಳಿದ್ದು ಬುಖಾರಿಯಲ್ಲಿದೆ. ಕಾರ್ಮಿಕರನ್ನು ಒದಗಿಸುವ ಗುತ್ತಿಗೆದಾರ ಈದಿಗೆ ಕಳಿಸುವ ಖರ್ಜೂರದ ಪೆಟ್ಟಿಗೆಯನ್ನೂ ದೀಪಾವಳಿಗೆ ಕಳಿಸುವ ಬೆಳ್ಳಿಯ ಲೋಟವನ್ನೂ ಈ ಪ್ರಶ್ನೆಯಿಂದ ತೂಗಿ ನೋಡಬಹುದು. ಗಲ್ಫಿನಲ್ಲಿ ಈ ಹುದ್ದೆಯಲ್ಲಿರುವ ನಮ್ಮ ಸಹೋದರರಿಗೆ ಇನ್ನೂ ಒಂದು ಮಾತು. ಯು.ಎ.ಇ.ಯಲ್ಲಿ 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಕಾರ್ಮಿಕ ಕಾನೂನಿನಂತೆ ನೇಮಕಾತಿಯ ಖರ್ಚನ್ನು ಮಾಲಕನೇ ಹೊರಬೇಕು, ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ. ವೀಸಾದ ದುಡ್ಡು ಎಂದು ಊರಿನ ಬಡವನ ಕೈಯಿಂದ ತೆಗೆದುಕೊಳ್ಳುವುದಕ್ಕೆ ಯಾವ ಹೆಸರಿಟ್ಟರೂ ಅದು ಅವನದೇ ದುಡ್ಡು.

ಹೆಣ್ಣುಮಕ್ಕಳ ದೂರಿನ ವಿಷಯದಲ್ಲಿ ಹೊಸಬರು ಹೆಚ್ಚಾಗಿ ಎಡವುತ್ತಾರೆ ಎಂದು ಹಿರಿಯರು ಹೇಳಿದರು. ಮೇಲಧಿಕಾರಿಯ ನಡತೆ ಸರಿಯಿಲ್ಲ ಎಂದು ಹುಡುಗಿಯೊಬ್ಬಳು ಬಂದು ಹೇಳಿದಾಗ, ಮಾನದ ಪ್ರಶ್ನೆ, ಇಲ್ಲಿಗೇ ಬಿಟ್ಟುಬಿಡಮ್ಮ ಎಂದು ಸಮಾಧಾನ ಹೇಳಿ ಕಳಿಸುವುದೇ ಒಳ್ಳೆಯತನ ಎಂದು ಕೆಲವರು ತಿಳಿದಿದ್ದಾರೆ. 2013ರ ಕಾನೂನಿನಂತೆ ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಬೇಕು. ಅದರ ಅಧ್ಯಕ್ಷರು ಹಿರಿಯ ಸ್ಥಾನದ ಮಹಿಳೆ, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರು, ಹೊರಗಿನ ಸಂಸ್ಥೆಯಿಂದ ಒಬ್ಬರು. ದೂರು ಕೊಡಲು ಮೂರು ತಿಂಗಳ ಅವಧಿ, ವಿಚಾರಣೆ ಮುಗಿಸಲು 90 ದಿನ. ಹೆಸರು ಹೊರಗೆ ಬರಬಾರದು. ಸಮಿತಿ ಇಲ್ಲವಾದರೆ ಅದನ್ನು ರಚಿಸುವಂತೆ ಮಾಲಕನಿಗೆ ಬರೆಯುವುದು ಮೊದಲ ತಿಂಗಳ ಕೆಲಸ. ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ ಎಂಬುದನ್ನು ಕೇಳುವ ಮೊದಲೇ ಅವರಿಗೆ ತಿಳಿಸಬೇಕು. ನಮ್ಮ ಮನೆಗಳಲ್ಲೂ ಇದು ಹಲವರಿಗೆ ಗೊತ್ತಿಲ್ಲ.

ಈಗ ಆ ಪಟ್ಟಿಗೆ ಬರೋಣ.

ಕೆಲಸ ನಿಜವಾಗಿ ಕಡಿಮೆಯಾಗಿದ್ದರೆ ಜನರನ್ನು ಕಡಿಮೆ ಮಾಡುವುದು ಹರಾಮ್ ಅಲ್ಲ. ಮಾಲಕನಿಗೂ ಹಕ್ಕಿದೆ, ಬೋಟು ಮುಳುಗಿದರೆ ಎಲ್ಲರೂ ಮುಳುಗುತ್ತಾರೆ. ಆದರೆ ಒಂದು ವರ್ಷ ಪೂರ್ತಿ ದುಡಿದ ಕಾರ್ಮಿಕನನ್ನು ಹೀಗೆ ತೆಗೆಯುವಾಗ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ದುಡಿದ ಪ್ರತಿ ವರ್ಷಕ್ಕೆ 15 ದಿನದ ವೇತನ ಪರಿಹಾರವಾಗಿ ಕೊಡಬೇಕು. ಐದು ವರ್ಷ ದಾಟಿದವರಿಗೆ ಗ್ರಾಚ್ಯುಟಿ ಬೇರೆ. ವಕೀಲರು ಒಂದು ಕಾಗದ ತೆಗೆದು ಆ ಆರು ವರ್ಷದ ಹೆಂಗಸಿನ ಲೆಕ್ಕ ಬರೆದರು. ಮೂಲ ವೇತನ, ತುಟ್ಟಿಭತ್ಯೆ ಸೇರಿ 13,000. ನೋಟಿಸ್ ಬದಲಿಗೆ ಒಂದು ತಿಂಗಳದ್ದು 13,000. ಪರಿಹಾರ ವರ್ಷಕ್ಕೆ ಅರ್ಧ ತಿಂಗಳಂತೆ 6,500, ಆರು ವರ್ಷಕ್ಕೆ 39,000. ಗ್ರಾಚ್ಯುಟಿಗೆ ತಿಂಗಳನ್ನು 26 ದಿನ ಎಂದು ಹಿಡಿಯಬೇಕು; 13,000ವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 7,500, ಆರು ವರ್ಷಕ್ಕೆ 45,000. ಒಟ್ಟು 97,000 ರೂಪಾಯಿ. ಉಳಿದ ರಜೆಯ ಹಣ ಬೇರೆ. ಹೊಸ ಸಂಹಿತೆಯಂತೆ, ಕೆಲಸದಿಂದ ತೆಗೆದರೆ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳಲ್ಲಿ ಕೊಟ್ಟು ಮುಗಿಸಬೇಕು.

ತಾನಾಗಿ ಬಿಟ್ಟೆ ಎಂದು ಬರೆದುಕೊಟ್ಟರೆ ಇದರಲ್ಲಿ ನೋಟಿಸಿನ 13,000 ಮತ್ತು ಪರಿಹಾರದ 39,000 ಹೋಗುತ್ತವೆ. ಅಂದರೆ ಆ ಒಂದು ಸಾಲಿನ ಬೆಲೆ 52,000 ರೂಪಾಯಿ.

ಮುಂದಿನ ಜುಮಾದಂದು ನಾವು ಅವನಿಗೆ ಹೇಳಿದ್ದು ಇದು: "ನಿನ್ನ ಹುದ್ದೆ ಹಲಾಲ್. ಆ ಕಾಗದ ಸುಳ್ಳು. ಸುಳ್ಳು ಬರೆದವನಿಗಿಂತ ಬರೆಸಿದವನ ಪಾಲು ದೊಡ್ಡದು." ಅವನು ತಲೆ ತಗ್ಗಿಸಿ, "ಬರೆಸಲ್ಲ ಅಂದರೆ ಹದಿನೈದನೇ ಹೆಸರು ನನ್ನದಾಗುತ್ತದೆ ಮೌಲಾನಾ" ಎಂದ. ತಂಗಿಯ ಮದುವೆಯ ಸಾಲ ಇನ್ನೂ ಇದೆ. ರಿಝ್ಕ್ ಅಲ್ಲಾಹನ ಕೈಯಲ್ಲಿದೆ ಎಂದು ಹೇಳಿ ಎದ್ದುಬಿಡುವುದು ನಮಗೆ ಸುಲಭವಿತ್ತು. ನಮ್ಮ ಸಂಬಳ ಜಮಾಅತಿನಿಂದ ಬರುತ್ತದೆ, ಅವನ ಮಾಲಕರಿಂದಲ್ಲ. ಹಾಗೆ ಹೇಳಲಿಲ್ಲ. ಮಾಲಕರೊಡನೆ ಜಗಳಕ್ಕೆ ಹೋಗಬೇಡ, ಲೆಕ್ಕ ತೆಗೆದುಕೊಂಡು ಹೋಗು ಎಂದೆವು. ಹದಿನಾಲ್ಕು ಜನರದೂ ಒಂದು ಹಾಳೆಯಲ್ಲಿ ಬರೆ. ಪಕ್ಕದಲ್ಲಿ, ಕೊಡದೇ ಇದ್ದು ಒಬ್ಬರು ಕಾರ್ಮಿಕ ಇಲಾಖೆಗೆ ಹೋದರೂ ಏನು ಖರ್ಚು ಬರುತ್ತದೆ ಎಂಬುದನ್ನೂ ಬರೆ. ಮಾಲಕನಿಗೆ ನಿಜವಾದ ಲೆಕ್ಕ ತೋರಿಸುವುದೂ ನಿನ್ನ ಅಮಾನತೇ, ಅವನೂ ನಿನಗೆ ಸಂಬಳ ಕೊಡುತ್ತಾನೆ.

ಆಗಲೇ ಸಹಿ ಹಾಕಿ ಹೋದ ಮೂವರ ಮಾತು ಅವನೇ ಎತ್ತಿದ. ಅವನಿಗೆ ಗುಹೆಯಲ್ಲಿ ಸಿಕ್ಕಿಕೊಂಡ ಮೂವರ ಹದೀಸನ್ನು ನೆನಪಿಸಿದೆವು. ಅವರಲ್ಲಿ ಒಬ್ಬ ಮಾಲಕ. ಅವನ ಆಳೊಬ್ಬ ಕೂಲಿ ತೆಗೆದುಕೊಳ್ಳದೇ ಹೋಗಿಬಿಟ್ಟಿದ್ದ. ಇವನು ಆ ಕೂಲಿಯನ್ನು ಬೇರೆಯಾಗಿಟ್ಟು ಬೆಳೆಸಿದ, ಅದು ದನಕರುಗಳ ಹಿಂಡಾಯಿತು. ಎಷ್ಟೋ ವರ್ಷದ ಮೇಲೆ ಆಳು ಬಂದು ತನ್ನ ಕೂಲಿ ಕೇಳಿದಾಗ ಆ ಹಿಂಡನ್ನೇ ತೋರಿಸಿ, ಇದು ನಿನ್ನದು ಎಂದ. ಆಳು ತನ್ನನ್ನು ಗೇಲಿ ಮಾಡುತ್ತಿದ್ದಾನೆ ಎಂದುಕೊಂಡನಂತೆ.

ಕಳೆದ ವಾರ ಅವನ ಫೋನ್ ಬಂದಿತ್ತು. ಮಾಲಕರು ಹಾಳೆ ನೋಡಿ ಮೊದಲ ದಿನ ಬೈದರು, ಎರಡು ದಿನ ಮಾತಾಡಲಿಲ್ಲ, ಆಮೇಲೆ ತಮ್ಮ ಆಡಿಟರನ್ನು ಕರೆಸಿ ಕೇಳಿದರು. ಉಳಿದ ಹನ್ನೊಂದು ಜನರಲ್ಲಿ ನಾಲ್ವರನ್ನು ಇನ್ನೊಂದು ಘಟಕಕ್ಕೆ ಹಾಕಿದ್ದಾರೆ, ಏಳು ಜನರಿಗೆ ಲೆಕ್ಕದಂತೆ ಕೊಟ್ಟು ಕಳಿಸಿದ್ದಾರೆ. ಆ ಹೆಂಗಸು ಏಳರಲ್ಲಿ ಒಬ್ಬಳು. ಹಣ ಎಣಿಸಿಕೊಂಡು, ಕಾಗದವನ್ನು ಅವನಿಂದ ಓದಿಸಿಕೊಂಡೇ ಹೆಬ್ಬೆಟ್ಟು ಒತ್ತಿದಳಂತೆ. ಅವನ ಕೆಲಸ ಸದ್ಯಕ್ಕೆ ಇದೆ. ಮಾಲಕರು ಮೊದಲಿನಂತೆ ನಗುವುದಿಲ್ಲ ಎಂದ. ಸಹಿ ಹಾಕಿ ಹೋಗಿದ್ದ ಮೂವರಿಗೂ ಕೊಡಲು ಒಪ್ಪಿಗೆ ಸಿಕ್ಕಿದೆ. ಇಬ್ಬರು ಬಂದು ತೆಗೆದುಕೊಂಡು ಹೋದರು. ಮೂರನೆಯವನು ಒಡಿಶಾದವನು, ಫೈಲಿನಲ್ಲಿರುವ ಮೊಬೈಲ್ ನಂಬರ್ ಚಾಲ್ತಿಯಲ್ಲಿಲ್ಲ. ಅವನ ಜೊತೆ ಕೋಣೆಯಲ್ಲಿದ್ದ ಒಬ್ಬ ಹುಡುಗ ಈಗ ಮಲ್ಪೆಯ ಬೋಟಿನಲ್ಲಿದ್ದಾನೆ ಎಂದು ಯಾರೋ ಹೇಳಿದರಂತೆ. ಮಲ್ಪೆಯಲ್ಲಿ ನಿಮಗೆ ಗೊತ್ತಿರುವವರು ಯಾರಾದರೂ ಇದ್ದಾರಾ ಎಂದು ನಮ್ಮನ್ನು ಕೇಳಿದ. ಟೊಂಕದ ಇಬ್ಬರು ತಾಂಡೇಲರಿಗೆ ಹೇಳಿಟ್ಟಿದ್ದೇವೆ.